ವ್ಯಾನಿನ ಹೊರಮೈಗೆ ಕೂರಿಸಿದ ಪ್ಲಗ್ ಪಾಯಿಂಟು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಗೆಳೆಯ ಬದುಕಿರುವ ತನಕ, ಅವನಿಗೆ ನೋವಾಗುತ್ತದೆ ಎಂದುಕೊಂಡೆ. ಅವನು ತೀರಿಕೊಂಡ ಮೇಲೆ, ಇನ್ನು ಹೇಳಿ ಯಾರಿಗೇನು ಎಂದುಕೊಂಡೆ. ಎರಡೂ ನೆಪ. ನಿಜವೆಂದರೆ ನನಗೆ ನಾಚಿಕೆ. ನನ್ನ ಕೈಕೆಲಸದ ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆ. ಆಕೆ ಅದನ್ನು ತನ್ನದೇ ಎಂದು ನಂಬಿ ಮುದುಕಿಯಾದಳು.

ಅರವತ್ತರ ದಶಕದ ಕೊನೆಯ ವರ್ಷಗಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ನೆಲಮಂಗಲದ ಹೆದ್ದಾರಿಯ ಪಕ್ಕದ ಗ್ಯಾರೇಜೊಂದರಲ್ಲಿ ಲಾರಿಗಳ ವೈರಿಂಗ್ ಕೆಲಸ ಕಲಿತು, ಆಗಲೇ ಕೈ ಪಳಗಿದೆ ಎಂಬ ಜಂಬದಲ್ಲಿದ್ದೆ. ಹನುಮಂತಯ್ಯ ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಮನೆಯಲ್ಲಿ ಮಗ್ಗ. ನೇಯ್ದ ಸೀರೆಯನ್ನು ಸಾಹುಕಾರರ ಅಂಗಡಿಗೆ ಹಾಕುವ ಬದಲು ತಾನೇ ಊರೂರಿಗೆ ಒಯ್ದು ಮಾರಬೇಕೆಂದು ಅವನು ಹರಾಜಿನಲ್ಲಿ ಒಂದು ಹಳೆಯ ಆಂಬುಲೆನ್ಸ್ ವ್ಯಾನು ಹಿಡಿದ. ಒಳಗೆ ಮಲಗಲು ಹಲಗೆ, ಒಂದು ಸೀಮೆಎಣ್ಣೆ ಸ್ಟೌ, ಸೀರೆಯ ಟ್ರಂಕುಗಳು. ಪಕ್ಕಕ್ಕೆ ಒಂದು ಟಾರ್ಪಾಲು—ವ್ಯಾನಿನ ತಲೆಗೆ ಕಟ್ಟಿ, ಮುಂದಕ್ಕೆಳೆದು, ಎರಡು ಬಿದಿರಿನ ಗಳುವಿಗೆ ಬಿಗಿದರೆ ಅದರ ನೆರಳಲ್ಲಿ ಅಂಗಡಿ. ಅವನು, ಅವನ ಹೆಂಡತಿ, ತಾಯಿ ಗೌರಮ್ಮನವರು, ಮೂವರೂ ಸಂತೆಯ ಹಿಂದಿನ ದಿನವೇ ಹೋಗಿ ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಜನ ಅದನ್ನು ‘ಮನೆ ಗಾಡಿ’ ಎನ್ನುತ್ತಿದ್ದರು.

ಮಾರುತ್ತಿದ್ದವಳು ಅವನ ಹೆಂಡತಿ. ಹನುಮಂತಯ್ಯ ನೇಯುವುದರಲ್ಲಿ ಗಟ್ಟಿಗ. ಗಿರಾಕಿ ಎದುರು ಬಾಯಿ ಕಟ್ಟಿಹೋಗುತ್ತಿತ್ತು. ಆಕೆಗೆ ಮಾತು ಒಂದು ಕಲೆ. ಒಮ್ಮೆ ಹೊಸಕೋಟೆ ಸಂತೆಯಲ್ಲಿ ನಾನೇ ಕೇಳಿದ್ದೇನೆ. ಒಬ್ಬ ಅಜ್ಜಿ ಸೀರೆಯನ್ನು ಮಗ್ಗುಲಿಗೆ ಸರಿಸಿ, “ಈ ಬಣ್ಣ ನಂಗೆ ಒಪ್ಪಲ್ಲ ಕಣಮ್ಮ” ಎಂದರು.

“ನಿಮಗೆ ಒಪ್ಪೋದೇನೂ ಬೇಡ ಅಜ್ಜಿ, ನಿಮ್ಮ ಬೀಗಿತ್ತಿಗೆ ಹೊಟ್ಟೆ ಉರಿದ್ರೆ ಸಾಕು.”

ಅಜ್ಜಿ ನಕ್ಕು ಆ ಸೀರೆಯನ್ನೇ ಕಟ್ಟಿಸಿಕೊಂಡು ಹೋದರು. ಟಾರ್ಪಾಲಿನ ಕೆಳಗೆ ಮಂಡಿಯೂರಿ ಕೂತು, ಸೀರೆಯನ್ನು ಒಂದೇ ಸಲಕ್ಕೆ ತೊಡೆಯ ಮೇಲೆ ಹರಡಿ, ಸೆರಗನ್ನು ಬೆರಳಲ್ಲಿ ಮೀಟಿ ತೋರಿಸುವಾಗಿನ ಆಕೆಯ ಮುಖ... ಅಂಥ ಸಂತೋಷವನ್ನು ನಾನು ಕೆಲಸ ಮಾಡುವವರ ಮುಖದಲ್ಲಿ ಹೆಚ್ಚು ಕಂಡಿಲ್ಲ.

ಸಂಜೆಯ ವ್ಯಾಪಾರಕ್ಕೆ ಒಂದು ತೊಡಕಿತ್ತು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಹಸಿರು, ನೀಲಿ ಒಂದೇ ಥರ ಕಾಣುತ್ತಿತ್ತು. ಮುಂದಿನ ವಾರ ಹೆಂಗಸರು ಸೀರೆ ಹಿಡಿದು ಜಗಳಕ್ಕೆ ಬರುತ್ತಿದ್ದರು. ಟಾರ್ಪಾಲಿನ ಕೆಳಗೆ ಟ್ಯೂಬ್‌ಲೈಟ್ ಹಾಕಿಕೊಳ್ಳಲು ವ್ಯಾನಿನ ಹೊರಗೋಡೆಗೆ ಒಂದು ಪ್ಲಗ್ ಪಾಯಿಂಟು ಬೇಕು, ಕರೆಂಟನ್ನು ಹತ್ತಿರದ ಹೋಟೆಲಿನಿಂದ ವೈರೆಳೆದು ತರೋಣ ಎಂದು ಆಕೆಯೇ ಯೋಚನೆ ಮಾಡಿದ್ದು. ಹನುಮಂತಯ್ಯ ನನ್ನಲ್ಲಿಗೆ ಬಂದ.

“ನೀನು ಲಾರಿ ವೈರಿಂಗ್ ಮಾಡೋನು, ಇದು ಮನೆ ಕರೆಂಟು ಕಣೋ. ಆಗುತ್ತಾ?”

“ಕರೆಂಟು ಕರೆಂಟೇ ಕಣಯ್ಯ. ಮನೇದಾದ್ರೇನು, ಲಾರೀದಾದ್ರೇನು” ಎಂದೆ.

ಲಾರಿಯಲ್ಲಿ ದೀಪಕ್ಕೆ ಒಂದೇ ವೈರು ಎಳೆಯುತ್ತೇವೆ. ಕರೆಂಟು ಹಿಂದಿರುಗುವ ದಾರಿ ಗಾಡಿಯ ಕಬ್ಬಿಣದ ಮೈಯೇ. ಬ್ಯಾಟರಿಯ ಕರೆಂಟು, ಮುಟ್ಟಿದರೂ ಏನೂ ಆಗದು. ಮನೆಯ ಕರೆಂಟಿಗೆ ಎರಡು ವೈರು ಬೇರೆ ಬೇರೆ ಎಳೆಯಬೇಕು, ಗಾಡಿಯ ಮೈಗೆ ಸೋಕಿಸಲೇಬಾರದು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು—ಅರೆಬರೆಯಾಗಿ, ಯಾರೋ ಹೇಳಿದ್ದು ಕೇಳಿದ ಹಾಗೆ. ಆದರೆ ಎರಡನೆಯ ವೈರಿಗೆ ಒಳಗಿನ ಹಲಗೆಯನ್ನೆಲ್ಲ ಬಿಚ್ಚಬೇಕಿತ್ತು. ನಾನು ಒಂದೇ ವೈರು ಎಳೆದು, ಹೋಟೆಲಿನಿಂದ ಬರುವ ಇನ್ನೊಂದು ವೈರನ್ನೂ ಪ್ಲಗ್ ಪಾಯಿಂಟಿನ ಇನ್ನೊಂದು ತುದಿಯನ್ನೂ ಲಾರಿಯಲ್ಲಿ ಮಾಡುವಂತೆ ವ್ಯಾನಿನ ಮೈಗೇ ಬೋಲ್ಟಿನಲ್ಲಿ ಬಿಗಿದುಬಿಟ್ಟೆ. ಟ್ಯೂಬ್ ಹೊತ್ತಿತು. ಹೊತ್ತಿದ ಮೇಲೆ ಇನ್ನೇನು?

ಹೋಟೆಲಿನ ಕಡೆ ಚುಚ್ಚುವುದು ಎರಡು ಕಡ್ಡಿಯ ಪ್ಲಗ್ಗು. ಅದನ್ನು ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಒಂದು ರೀತಿ ಹಾಕಿದರೆ ಏನೂ ತೊಂದರೆಯಿಲ್ಲ. ಇನ್ನೊಂದು ರೀತಿ ಹಾಕಿದರೆ ಇಡೀ ವ್ಯಾನಿನ ಮೈಗೆ ಕರೆಂಟು ಬರುತ್ತದೆ. ಒಣ ನೆಲದಲ್ಲಿ ಚಪ್ಪಲಿ ಹಾಕಿ ನಿಂತವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ.

ಆದರೂ ಆಕೆಗೆ ತಿಳಿದಿತ್ತು. ನೆಲಮಂಗಲದ ಸಂತೆಗೆ ಬಂದಾಗ ನನ್ನನ್ನು ಕರೆದು ಹೇಳಿದಳು. “ಅಣ್ಣಾ, ಬಾಗಿಲು ಹಿಡಿದ್ರೆ ಒಂದೊಂದ್ಸಲ ಕೈ ಜುಮ್ ಅನ್ನುತ್ತೆ. ಒಂಚೂರು ನೋಡ್ತೀರಾ?”

“ದಿನಾ ಅಷ್ಟೊಂದು ಸೀರೆ ಮಡಚಿದ್ರೆ ಕೈ ಜುಮ್ ಅನ್ನದೆ ಇರುತ್ತೇನಮ್ಮ?” ಎಂದು ನಗೆಯಾಡಿದೆ. ಹನುಮಂತಯ್ಯನೂ ನಕ್ಕ. ಆಕೆಯೂ ನಕ್ಕಳು. ನಾನು ನೋಡಲಿಲ್ಲ.

ಅದಾದ ಕೆಲವು ವಾರಕ್ಕೆ ಲಾರಿಯೊಂದರ ರಿಪೇರಿಗೆಂದು ಹೊಸಕೋಟೆ ಕಡೆಯ ವಿಜಯಪುರಕ್ಕೆ ಮೊದಲ ಬಸ್ಸಿಗೇ ಹೋಗಿದ್ದೆ. ಸಂತೆಯ ಬಯಲಲ್ಲಿ ಮನೆ ಗಾಡಿ ಕಂಡು ಕಾಫಿ ಕುಡಿಯೋಣವೆಂದು ಹತ್ತಿರ ಹೋದೆ. ಆಗಷ್ಟೆ ಬೆಳಕು ಹರಿಯುತ್ತಿತ್ತು. ಎಲ್ಲಿ ನಿಂತರೂ ಆಕೆ ಬೆಳಿಗ್ಗೆ ವ್ಯಾನಿನ ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ಚಕ್ರವಿದ್ದರೇನು, ಬಾಗಿಲು ಬಾಗಿಲೇ ಎಂದು ಗೌರಮ್ಮನವರೇ ಹೇಳಿಕೊಟ್ಟದ್ದು. ನಾನು ಹೋಗುವ ಹೊತ್ತಿಗೆ ನೀರು ಹಾಕಿ ಆಗಿತ್ತು, ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದಳು. ಆಮೇಲೆ ಹೋಟೆಲಿನವನು ಬಾಗಿಲು ತೆಗೆದ. ಸೀರೆ ಹೊರಗಿಡಲು ಬೆಳಕು ಬೇಕೆಂದು ಹನುಮಂತಯ್ಯ ಹೋಗಿ ಪ್ಲಗ್ಗು ಚುಚ್ಚಿ ಬಂದ. ಟ್ಯೂಬ್ ಹೊತ್ತಿತು. ನನ್ನ ಕೆಲಸವೆಂದು ಹೆಮ್ಮೆಯಿಂದ ಅದನ್ನೇ ನೋಡುತ್ತಾ ನಿಂತಿದ್ದೆ.

ಗೌರಮ್ಮನವರು ಮುಖ ತೊಳೆದು, ಬರಿಗಾಲಲ್ಲಿ ಬಂದು, ಒಳಗೆ ಹತ್ತಲು ಬಾಗಿಲ ಪಕ್ಕದ ಕಬ್ಬಿಣದ ಸರಳನ್ನು ಹಿಡಿದರು. ಕೂಗಲಿಲ್ಲ. ಹಿಡಿದ ಕೈ ಬಿಡಲಿಲ್ಲ. ಮೈ ಸೆಟೆದುಕೊಂಡಿತು. ನಾನು ನೋಡುತ್ತಿದ್ದೆ—ಓಡಿಹೋಗಿ ಪ್ಲಗ್ಗು ಕೀಳಬೇಕಾದವನು ನಾನು—ಕಾಲು ಏಳಲಿಲ್ಲ. ಸೊಸೆ ಟಾರ್ಪಾಲಿಗೆ ಕೊಟ್ಟಿದ್ದ ಬಿದಿರಿನ ಗಳುವನ್ನು ಕಿತ್ತು, ಅತ್ತೆಯ ಮೊಳಕೈಗೆ ಬೀಸಿ ಹೊಡೆದಳು. ಕೈ ಬಿಟ್ಟಿತು. ಟಾರ್ಪಾಲು ಕುಸಿಯಿತು, ಟ್ಯೂಬ್ ಬಿದ್ದು ಒಡೆಯಿತು. ಅದರಡಿಯಿಂದ ಅತ್ತೆಯನ್ನು ಎಳೆದು ತೊಡೆಯ ಮೇಲೆ ಮಲಗಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಗೌರಮ್ಮನವರ ಉಸಿರು ಸರಿಹೋಯಿತು. ಬಲಗೈ ಬೆರಳುಗಳು ಮಾತ್ರ ಸುಟ್ಟು ಮಡಚಿಕೊಂಡಿದ್ದವು.

ಹನುಮಂತಯ್ಯ ನನ್ನ ಕಡೆ ತಿರುಗಿದ. “ಹೆಂಗಾಯ್ತೋ ಇದು?”

ಜನ ಸೇರಿದ್ದರು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ನೆಲ ನೋಡಿದೆ. ಒದ್ದೆ ನೆಲ. ಆಕೆಯ ಕಡೆ ತಿರುಗಿ ಹೇಳಿದೆ—

“ಕರೆಂಟ್ ಇರೋ ಜಾಗದಲ್ಲಿ ಯಾರಾದ್ರೂ ನೀರು ಹಾಕ್ತಾರೇನಮ್ಮ?”

ಆ ಕ್ಷಣದಲ್ಲಿ ನನಗೆ ನಿಜ ಗೊತ್ತಿರಲಿಲ್ಲ, ಗಾಬರಿಯಲ್ಲಿ ಬಂದ ಮಾತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬೋಲ್ಟು ಬಿಗಿದ ಜಾಗ ಕಣ್ಣಮುಂದೆ ಬಂದಿತ್ತು. ಅದು ಬಂದದ್ದರಿಂದಲೇ ಆ ಮಾತು ಬಂತು.

ಅವರು ಆಸ್ಪತ್ರೆಗೆ ಹೋದ ಮೇಲೆ ನಾನೊಬ್ಬನೇ ಪರೀಕ್ಷಿಸಿ ನೋಡಿದೆ. ಒಂದು ಬಲ್ಬಿನ ಒಂದು ತಂತಿಯನ್ನು ಒದ್ದೆ ನೆಲಕ್ಕೆ ಚುಚ್ಚಿ, ಇನ್ನೊಂದನ್ನು ವ್ಯಾನಿನ ಯಾವ ಕಡೆ ತಾಗಿಸಿದರೂ ಬಲ್ಬು ಉರಿಯಿತು. ಪ್ಲಗ್ಗು ತಿರುಗಿಸಿ ಹಾಕಿದೆ, ಆರಿತು. ಮಾರನೆಯ ದಿನ ವ್ಯಾನನ್ನು ಗ್ಯಾರೇಜಿಗೆ ತರಿಸಿ, ಹಲಗೆ ಬಿಚ್ಚಿ, ಎರಡು ವೈರು ಎಳೆದೆ. ಹನುಮಂತಯ್ಯ ಏನು ಮಾಡ್ತಿದೀಯ ಎಂದು ಕೇಳಿದ. “ಒಳಗೆ ತೇವ ಇಳಿದಿದೆ, ಒಂಚೂರು ಬಿಗಿ ಮಾಡ್ತಿದೀನಿ” ಎಂದೆ.

ಗೌರಮ್ಮನವರ ಬೆರಳು ಮತ್ತೆ ಬಿಚ್ಚಲಿಲ್ಲ. ಮಗ್ಗದಲ್ಲಿ ಕಡಿದ ಎಳೆ ಸೇರಿಸುವುದರಲ್ಲಿ ಅವರಷ್ಟು ಚುರುಕಿನವರು ಆ ಬೀದಿಯಲ್ಲಿ ಇರಲಿಲ್ಲ. ಅವರು ಸೊಸೆಯನ್ನು ಬೈಯಲಿಲ್ಲ. ಆಕೆ ಎದುರಿಗೆ ಬಂದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು, ಅಷ್ಟೆ. ಬೀದಿಯವರು ಬಾಯಿ ಬಿಟ್ಟೇ ಆಡಿದರು. ಸಂತೆ ಸುತ್ತೋ ಹೆಂಗಸಿಗೆ ಇಷ್ಟೂ ತಿಳಿಯಬಾರದಾ ಎಂದು. ಹನುಮಂತಯ್ಯ ಹೆಂಡತಿಯನ್ನು ಗಾಡಿಯಿಂದ ಇಳಿಸಿದ. ಆಕೆ ಮನೆಯ ಹಿಂದಿನ ಕೋಣೆಯಲ್ಲಿ ನೂಲು ಸುತ್ತಲು ಕೂತಳು. ಒಬ್ಬನೇ ಸಂತೆಗೆ ಹೋದ ಅವನಿಗೆ ಮಾರಲು ಬರಲಿಲ್ಲ. ವ್ಯಾನು ಮೂಲೆ ಸೇರಿತು, ಕಡೆಗೆ ಗುಜರಿಗೆ ಹೋಯಿತು.

ವ್ಯಾನು ಇನ್ನೂ ಮೂಲೆಯಲ್ಲಿದ್ದ ಕಾಲದಲ್ಲೇ ಒಮ್ಮೆ ಅವರ ಮನೆಗೆ ಹೋದಾಗ ಆಕೆ ಕಾಫಿ ತಂದಿಟ್ಟು, ಗಂಡ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು. “ಅಣ್ಣಾ, ನಾನು ನೀರು ಹಾಕಿದಾಗ ಕರೆಂಟ್ ಕೊಟ್ಟಿರ್ಲಿಲ್ಲ. ಆದ್ರೂ ತಪ್ಪು ನಂದೇನಾ?”

ಬಯ್ಗುಳವಲ್ಲ, ಆರೋಪವಲ್ಲ. ಬಲ್ಲವನನ್ನು ಕೇಳುವಂತೆ ಕೇಳಿದಳು. ‘ಅಲ್ಲ’ ಎಂಬ ಒಂದೇ ಮಾತು ಸಾಕಿತ್ತು. ಆಕೆ ಮತ್ತೆ ಆ ಟಾರ್ಪಾಲಿನ ಕೆಳಗೆ ಕೂರಬಹುದಿತ್ತು.

“ನೆಲ ಒದ್ದೆಯಿತ್ತಲ್ಲಮ್ಮ” ಎಂದೆ.

ಆಕೆ ತಲೆಯಾಡಿಸಿ ಲೋಟ ಎತ್ತಿಕೊಂಡು ಹೋದಳು. ಆಮೇಲೆ ಮತ್ತೆ ಯಾರನ್ನೂ ಕೇಳಿದ ಹಾಗೆ ಕಾಣೆ.

ಈಚೆಗೆ ದೊಡ್ಡಬಳ್ಳಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಕೈತೊಳೆಯುವ ನಲ್ಲಿಯ ಬಳಿ ಆಕೆ ಇದ್ದಳು. ನೆಲದ ಮೇಲೆ ನೀರೆರಚಿ ಆಡುತ್ತಿದ್ದ ಮೊಮ್ಮಗಳನ್ನು ಎಳೆದುಕೊಂಡು ಹೇಳುತ್ತಿದ್ದಳು: “ಬೇಡ ಮಗ. ನಾನೂ ಹಿಂಗೇ ನೀರು ಹಾಕಿ, ನಮ್ಮತ್ತೆ ಕೈಯನ್ನೇ ಕಳೆದ್ಬಿಟ್ಟೆ.” ನನ್ನನ್ನು ಗುರುತಿಸಿ, “ಅಣ್ಣಾ, ಊಟ ಆಯ್ತಾ?” ಎಂದಳು. ಆಯ್ತು ಎಂದೆ. ಆಗಿರಲಿಲ್ಲ. ಎದುರಿಗೆ ನಿಲ್ಲಲಾರದೆ, ಊಟ ಮಾಡದೆ ಬಸ್ಸು ಹತ್ತಿದೆ.

ಗೌರಮ್ಮನವರಿಗೂ ಹನುಮಂತಯ್ಯನಿಗೂ ನಾನು ಹೇಳಬೇಕಿದ್ದುದು ಇನ್ನು ಹೇಳಲಾಗದು. ಕ್ಷಮೆ ಸಿಗಲೆಂದು ಇದನ್ನು ಬರೆಯುತ್ತಿಲ್ಲ. ಕೇಳುವ ಮುಖವೂ ನನಗಿಲ್ಲ. ಆದರೆ ಆ ಮಗು ತನ್ನ ಅಜ್ಜಿ ತಪ್ಪು ಮಾಡಿದಳೆಂದು ತಿಳಿದು ಬೆಳೆಯಬಾರದು. ಆಕೆಯ ಮನೆಗೆ ಹೋಗುತ್ತೇನೆ. ಮಗಳು, ಮೊಮ್ಮಗಳು ಎಲ್ಲರೂ ಇರುವಾಗಲೇ ಹೋಗುತ್ತೇನೆ. ಅವರೆದುರಿಗೆ ಹೇಳುತ್ತೇನೆ: ನೀರು ಹಾಕಿದ್ದು ತಪ್ಪಲ್ಲ, ಬೋಲ್ಟು ಬಿಗಿದವನು ನಾನು, ಅತ್ತೆಯ ಜೀವ ಉಳಿಸಿದವಳು ನೀನು—ಸರೋಜಮ್ಮ.