ಶಹಾಡಿನ ಹಳದಿ ಪೆಟ್ಟಿಗೆಗಳ ದೇಜಪ್ಪ

ಬೆಳಗಿನ ಪಾಳಿಯವರು ಇನ್ನೂ ಗೇಟು ದಾಟಿಲ್ಲ. ಮುಂಬಯಿ ಹೊರವಲಯದ ಶಹಾಡ್ ಬಳಿಯ ರಾಸಾಯನಿಕ ಕಾರ್ಖಾನೆಯೊಂದರ ಗೋಡೆಗೆ ಬಿಗಿದ ಹಳದಿ ಫೈಬರ್ ಪೆಟ್ಟಿಗೆಯ ಮುಂದೆ ದೇಜಪ್ಪ ಪೂಜಾರಿ ಒಬ್ಬರೇ ನಿಂತಿದ್ದಾರೆ. ಕಣ್ಣಿಗಿಂತ ಮೊದಲು ಬೆರಳು ಓಡುತ್ತದೆ: ಕೀಲಿನ ಮೂಲೆ, ತಿರುಪಿನ ತೂತು, ತಳದ ಅಂಚು. ಕೂದಲೆಳೆಯಷ್ಟು ಬಿರುಕು ಉಗುರಿಗೆ ತಾಗಿದರೂ ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ಬಿರುಕು ಆ ಗೆರೆ ದಾಟಿತೆಂದರೆ ಪೆಟ್ಟಿಗೆ ದುರಸ್ತಿಗೆ ಕೆಳಗಿಳಿಯಲೇಬೇಕು.

ಒಳಗಿರುವುದು ವಿಷಾನಿಲ ಸೋರಿದಾಗ ಮುಖಕ್ಕೆ ಹಾಕಿಕೊಳ್ಳುವ ಮಾಸ್ಕು, ಬೆನ್ನಿಗೇರಿಸುವ ಗಾಳಿಯ ಸಿಲಿಂಡರು. "ಹೊರಗೆ ಬಿಸಿಲು, ಗೋಡೆಯಲ್ಲಿ ಮಷೀನಿನ ನಡುಕ, ಒಳಗೆ ಸಿಲಿಂಡರಿನ ಭಾರ. ಎಲ್ಲಾ ಸೇರಿ ದಿನಾ ಎಳೀತದೆ. ಪೆಟ್ಟಿಗೆ ಬಾಯಿ ಬಿಟ್ಟು ಹೇಳುದಿಲ್ಲ ಮಾರಾಯ್ರೆ, ನಾವೇ ಮುಟ್ಟಿ ನೋಡ್ಬೇಕು" ಎನ್ನುತ್ತಾರೆ.

ಕಾರ್ಕಳ ಕಡೆಯ ದೇಜಪ್ಪ ಮೊದಲು ಇದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೋಸೆ ಹೊಯ್ಯುತ್ತಿದ್ದವರು. ಕಲಬುರಗಿಯ ಅಂಬಾದಾಸ ಪ್ಲಾಂಟಿನಲ್ಲಿ ಆಪರೇಟರ್. ಇಬ್ಬರಿಗೂ ಒಂದೇ ಬಾಡಿಗೆ ಖೋಲಿ, ಒಂದೇ ಸ್ಟೌ. ಒಂದು ದಿನ ಅನಿಲ ಸೋರಿತು. ಅಂಬಾದಾಸ ಪೆಟ್ಟಿಗೆಯತ್ತ ಓಡಿದ. ಬಿರುಕು ಬೆಳೆದು ಮೇಲಿನ ಕೀಲು ಜಗ್ಗಿ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಎಳೆದ, ಗುದ್ದಿದ, ಬರಲಿಲ್ಲ. ಆಮೇಲೆ ಅನಿಲಕ್ಕೆ ಕೆಟ್ಟ ಶ್ವಾಸಕೋಶದಲ್ಲೇ ಉಸಿರೆಳೆಯುತ್ತ ಎರಡು ಮಳೆಗಾಲ ಬದುಕಿದ. ಕೊನೆಕೊನೆಗೆ ಬಾಯಲ್ಲಿ ಒಂದೇ ಮಾತು: "ದೇಜಣ್ಣಾ, ತೆರೀಲೇ ಇಲ್ಲ ನೋಡು ಆ ಬಾಗಲಾ."

ಅವನು ಹೋದ ಮೇಲೆ ದೇಜಪ್ಪ ಯಾರಿಗೂ ಬೇಡದ ಈ ಕೆಲಸವನ್ನು ಕೇಳಿ ಪಡೆದರು. ಫೈಬರ್ ತೇಪೆ ಹಾಕುವುದನ್ನು ಕಲಿತರು. ಭಾರವೆಲ್ಲ ತಿರುಪಿನ ಮೇಲೆ ಬೀಳದಂತೆ ಪ್ರತಿ ಪೆಟ್ಟಿಗೆಯಡಿಗೂ ಕಬ್ಬಿಣದ ಆಸರೆ ಕೊಡಿಸಿದರು. ದಿನವಿಡೀ ಮಾತಿಗೆ ಜನವಿಲ್ಲ. ಸಂಜೆ ಖೋಲಿಯಲ್ಲಿಯೂ ಇಲ್ಲ. ನವಿ ಮುಂಬಯಿಯ ನೆರೂಳದಲ್ಲಿ ಸಂಸಾರ ಹೂಡಿರುವ ಮಗಳು ಮಾನಸಿ, "ಪಪ್ಪಾ, ಇಧರ್ ಆಕೆ ರಹೋ ನಾ" ಎಂದು ತನ್ನ ಮನೆಗೇ ಬಂದಿರಲು ಫೋನಿನಲ್ಲಿ ಕರೆಯುತ್ತಲೇ ಇರುತ್ತಾಳೆ. "ಬರ್ತೇನೆ ಮಗಾ, ಈ ಮಳೆಗಾಲ ಕಳೀಲಿ" ಎಂಬುದು ಪ್ರತಿ ವರ್ಷದ ಉತ್ತರ.

ಈಚೆಗೊಂದು ಮಧ್ಯಾಹ್ನ ಮತ್ತೆ ವಾಲ್ವ್ ಸೋರಿತು. ಪ್ಯಾಕಿಂಗ್ ವಿಭಾಗದ ಶ್ರೀಮತಿ ಎಂಬಾಕೆ ಪೆಟ್ಟಿಗೆಯ ಬಾಗಿಲೆಳೆದರು, ತೆರೆಯಿತು. ಮಾಸ್ಕು ಹಾಕಿಕೊಂಡು ಹೊರಬಂದರು. ಸಂಜೆ ಕ್ಯಾಂಟೀನಿನಲ್ಲಿ ಎಲ್ಲರೂ ಆಕೆಯನ್ನು ಸುತ್ತುವರಿದಾಗ ಪಕ್ಕದ ಮೇಜಿನಲ್ಲಿ ದೇಜಪ್ಪ ಚಹಾ ಕುಡಿಯುತ್ತಿದ್ದರು. ಯಾರೂ ಇತ್ತ ತಿರುಗಲಿಲ್ಲ.

ಆ ಬಾಗಿಲು ತೆರೆಯುವಂತೆ ನೋಡಿಕೊಂಡದ್ದು ನೀವೆಂದು ಆಕೆಗೆ ಒಂದು ಮಾತು ಹೇಳಬಾರದಿತ್ತೇ ಎಂದರೆ ತಲೆಯಾಡಿಸುತ್ತಾರೆ. "ಅವ್ರಿಗೆ ಏನಂತ ಹೇಳುದು? ಲೋಕಲ್ ಟ್ರೇನ್ ಹಿಡ್ದು ಮನೆಗೆ ಹೋದ್ರಲ್ಲ, ಸಾಕು." ಪೆನ್ಸಿಲನ್ನು ಕಿಸೆಗೆ ಸಿಕ್ಕಿಸಿಕೊಂಡು ಸೇರಿಸುತ್ತಾರೆ: "ಅಂಬಾದಾಸನಿಗೊಬ್ಬನಿಗೆ ಹೇಳ್ಲಿಕ್ಕಿತ್ತು, ಬಾಗಿಲು ತೆರೀತು ಅಂತ."