ಛಾಪಿಸಿದ ನಂದಿಯ ಕಣ್ಣು

ನಾ ಬರೆದ ನಂದಿ ಚಿತ್ರ ನೋಡಿ ಕೊಹೀರಿನಾಗ ಆಕಳೊಂದು ಹಗ್ಗ ಹರಕೊಂಡು ಬಂದಿತ್ತು, ಸುಳ್ಳಲ್ಲ. ಆ ಚಿತ್ರಾನೇ ಜಹೀರಾಬಾದಿನ ಪ್ರೆಸ್ಸಿನಾಗ ನೂರು ಪ್ರತಿ ಛಾಪಿಸಿ ತಾಂಡೂರು ಸಂತ್ಯಾಗ ಮಾರಾಕ ಕುಂತೆ. ದೇವರ ಜಗಲಿಗೆಂದು ಒಂದನ್ನ ಆರಿಸಿದ ಹೆಣ್ಮಗಳೊಬ್ಬಳು ಕೇಳಿದಳು, "ಕಾಕಾ, ಇದಕ್ಕ ಕಣ್ಣು ಯಾರು ತೆರದಾರ?"

"ನಾನೇ ಅವ್ವಾ. ಜಳಕ ಮಾಡಿ, ಕಾಯಿ ಒಡದು, ಕಡೀಗೆ ಕಣ್ಣು ಬರದೀನಿ."

"ಅದು ನಿಮ್ಮ ಮನ್ಯಾಗಿನ ನಂದಿಗೆ. ಇದಕ್ಕ ತೆರದದ್ದು ಮಷೀನು. ಅದು ಜಳಕ ಮಾಡಿತ್ತೇನ್ರಿ?"

ಆಜೂಬಾಜು ನಿಂತವರೂ ಹಿಡಿದ ಚಿತ್ರ ಕೆಳಗಿಟ್ಟರು. ನೂರೂ ಉಳಿತಾವಲ್ಲ ಅಂತ ಅಲ್ಲೇ ಬೋರಿಂಗಿನ ಕೆಳಗ ಜಳಕ ಮಾಡಿ, ಒದ್ದಿ ಧೋತರದಾಗ ಕುಂತು, ಆಕಿ ಆರಿಸಿದ ನಂದಿಯ ಕಣ್ಣಿನ ಮ್ಯಾಲೆ ಮತ್ತ ಕರೀ ಬಣ್ಣ ಇಟ್ಟೆ. ಆಕಿ ಕೈ ಮುಗಿದು ತಗೊಂಡಳು. ಉಳಿದವರೂ ಸಾಲು ಹಚ್ಚಿದರು.

ಹೋಗೋವಾಗ ಆಕಿ ಮೆಲ್ಲಗ ಅಂದಳು, "ಮಷೀನು ಬರದ ಕಣ್ಣೇ ಚಂದ ಇತ್ರಿ, ಕಾಕಾ."

ನನಗ ಇನ್ನೂ ತಿಳಿವಲ್ದು. ಮಷೀನು ಬರದದ್ದೂ ನಾ ಬರದ ಕಣ್ಣೇ ಅಲ್ಲೇನು?