ಊಟಕ್ಕೆ ಕೂತವರಿಗೆ ಹೇಳಿದ್ದು

ಆ ವಿಡಿಯೊದಲ್ಲಿ ಅವಳು ಉಟ್ಟಿರುವುದು ನನ್ನ ನೀಲಿ ಸೀರೆ. ಸೆರಗಿನ ಪಿನ್ನು ಭುಜದಿಂದ ಎರಡು ಬೆರಳು ಕೆಳಗೆ ಜಾರಿದೆ. ವಿಡಿಯೊ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದ್ದರಿಂದ ಗೊತ್ತು. ಅದನ್ನು ಅಳಿಸುವುದಕ್ಕೆ ಇಷ್ಟೆಲ್ಲ ಪರದಾಡಬೇಕಾಗುತ್ತದೆ ಎಂದು ಸೀರೆ ಉಡಿಸುವಾಗ ಹೊಳೆದಿರಲಿಲ್ಲ.

ಅವಳನ್ನು ಬಾಕೆ ಎಂದು ಕರೆಯೋಣ. (ನಿಜವಾದ ಹೆಸರಲ್ಲ. ಊರಿನ ಹೆಸರನ್ನಂತೂ ಬರೆಯುವುದಿಲ್ಲ. ಇದನ್ನು ಅವಳಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಕಳಿಸುತ್ತಿದ್ದೇನೆ.) ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಲ್ಯಾಬ್‌ನಲ್ಲಿ ನಾವಿಬ್ಬರೂ ಕೆಲಸ ಮಾಡುತ್ತೇವೆ. ಕಾರಿನ ಸೀಟ್ ಬೆಲ್ಟ್ ಎಷ್ಟು ಎಳೆದರೆ ಹರಿಯುತ್ತದೆ ಎಂದು ನೋಡುವುದು ನಮ್ಮ ದಿನಗೆಲಸ.

ಬಾಕೆ ಪಶ್ಚಿಮ ಆಫ್ರಿಕಾದ ಬೆನಿನ್ ದೇಶದವಳು. ಅವಳ ಹಳ್ಳಿ ಇರುವುದು ಉತ್ತರದ ತುದಿಯಲ್ಲಿ, ಬುರ್ಕಿನಾ ಫಾಸೋ ಗಡಿಯ ಜಿಲ್ಲೆಯಲ್ಲಿ. ಹತ್ತಿ ಬೆಳೆಯುವ ನೆಲ, ಆಚೆಗೆ ಕಾಡು. ಕೆಲವು ವರ್ಷಗಳಿಂದ ಆ ಕಾಡಿನ ಕಡೆಯಿಂದ ಬಂಡುಕೋರರು ಬೈಕುಗಳಲ್ಲಿ ಬರುತ್ತಾರೆ. ದನ ಹೊಡೆದುಕೊಂಡು ಹೋಗುತ್ತಾರೆ. ಅವಳ ಅಣ್ಣ ಪಾಠ ಮಾಡುತ್ತಿದ್ದ ಶಾಲೆ ಮುಚ್ಚಿದೆ. ಮಕ್ಕಳು ಹೊರದೇಶದಲ್ಲಿ ದುಡಿಯುತ್ತಾರೆ ಎಂದು ಗೊತ್ತಾದರೆ ಆ ಮನೆಯವರನ್ನೇ ಎತ್ತಿಕೊಂಡು ಹೋಗಿ ಹಣ ಕೇಳುವುದೂ ಉಂಟು.

ಹಾಗಾಗಿ ಬಾಕೆ ಅಮೆರಿಕದಲ್ಲಿದ್ದಾಳೆ ಎಂಬುದು ಊರಿನವರಿಗೆ ಗೊತ್ತಿಲ್ಲ. ದಕ್ಷಿಣದ ಯಾವುದೋ ಪಟ್ಟಣದಲ್ಲಿ ಬಟ್ಟೆ ಹೊಲಿಯುತ್ತಾಳೆ ಎಂದೇ ಅವಳ ತಾಯಿ ಹೇಳಿಕೊಂಡು ಬಂದಿದ್ದಾರೆ. ಅಣ್ಣ ಇವಳೊಡನೆ ಮಾತು ಮುಗಿದ ಕೂಡಲೇ ಕರೆಯ ಗುರುತನ್ನು ಫೋನಿನಿಂದ ಅಳಿಸುತ್ತಾನೆ.

ಇಷ್ಟು ಎಚ್ಚರದ ಹುಡುಗಿ ಮೈಕ್ ಹಿಡಿದದ್ದೇಕೆ? ವಡೆಯಿಂದ.

ಸಂಕ್ರಾಂತಿ ಊಟಕ್ಕೆ ಅವಳನ್ನು ನಮ್ಮ ಕನ್ನಡದವರ ಜೊತೆ ಕೂರಿಸಿದ್ದೆ. ವಡೆ ಕಚ್ಚಿದವಳು ಉಳಿದದ್ದನ್ನು ತಿರುಗಿಸಿ ನೋಡಿದಳು. "ನಮ್ಮಮ್ಮ ಇದನ್ನೇ ಮಾಡ್ತಾಳೆ. ಅಲಸಂದೆ ರುಬ್ಬಿ. ದಿನಾ ಬೆಳಿಗ್ಗೆ ಮನೆ ಮುಂದೆ ಕೂತು ಮಾರ್ತಾಳೆ. ನಾನು ಊರು ಬಿಟ್ಟು ಬಾ ಅಂದ್ರೆ, ನನ್ನ ಗಿರಾಕಿಗಳು ಏನು ತಿನ್ನಬೇಕು ಅಂತಾಳೆ."

ಪಕ್ಕದಲ್ಲಿ ಪ್ರಸಾದ್ ಅಂಕಲ್ ಇದ್ದರು. ನಮ್ಮ ಎಲ್ಲ ಊಟಗಳ ಉಸ್ತುವಾರಿ ಅವರದೇ. "ಕಮ್, ಕಮ್, ಜಸ್ಟ್ ಟೂ ಮಿನಿಟ್ಸ್" ಎಂದು ಅವಳನ್ನು ಎಬ್ಬಿಸಿ, ಕೈಗೆ ಮೈಕ್ ಕೊಟ್ಟೇ ಬಿಟ್ಟರು. ಅವಳು ಮಾತಾಡಿದಳು. ಊರಿನ ಹೆಸರು, ತಾಯಿಯ ಹೆಸರು, ಮುಚ್ಚಿದ ಶಾಲೆ, ಎಲ್ಲ ಹೇಳಿದಳು. ಒಬ್ಬ ಆಂಟಿ ವಡೆಗಳನ್ನು ಫಾಯಿಲ್‌ನಲ್ಲಿ ಸುತ್ತಿ ಅವಳ ಕೈಗಿಟ್ಟರು. ನನಗೂ ಖುಷಿಯಾಯಿತು, ಸುಳ್ಳೇಕೆ?

ಸೋಮವಾರ ಲಂಚ್ ಹೊತ್ತಿಗೆ ಬಾಕೆ ತನ್ನ ಫೋನನ್ನು ನನ್ನ ಮುಂದಿಟ್ಟಳು. ಅಂಕಲ್ ಆ ಮಾತನ್ನು ವಿಡಿಯೊ ಮಾಡಿ ಫೇಸ್‌ಬುಕ್‌ಗೆ ಹಾಕಿದ್ದರು. ಹಳದಿ ಅಕ್ಷರಗಳಲ್ಲಿ ಅವಳ ಊರಿನ ಹೆಸರು. ಕೆಳಗೆ "ಡೆಟ್ರಾಯಿಟ್ ಕನ್ನಡಿಗರು ನಿಮ್ಮ ಜೊತೆಗಿದ್ದೇವೆ!" ಸಾಲದ್ದಕ್ಕೆ ಅವಳನ್ನು ಟ್ಯಾಗ್ ಬೇರೆ ಮಾಡಿದ್ದರು. ಪ್ಯಾರಿಸ್‌ನಲ್ಲಿರುವ ಅವಳ ಕಸಿನ್ ಅದನ್ನು ನೋಡಿ, ಹೆಮ್ಮೆಯಿಂದ ಹಂಚಿಕೊಂಡಿದ್ದ. ಅವನ ಸ್ನೇಹಿತರಲ್ಲಿ ಅರ್ಧದಷ್ಟು ಜನ ಅದೇ ಜಿಲ್ಲೆಯವರು.

"ನಾನು ಊಟಕ್ಕೆ ಕೂತವರಿಗೆ ಹೇಳಿದ್ದು" ಎಂದಳು ಬಾಕೆ. ದನಿ ಏರಿಸಲಿಲ್ಲ.

ಅಂಕಲ್‌ಗೆ ಫೋನ್ ಮಾಡಿದೆ. "ಏನಮ್ಮಾ, ಆ ಕಾಡಲ್ಲಿ ಕೂತು ನಮ್ಮ ಪೇಜ್ ನೋಡ್ತಾರಾ? ನಮ್ಮೋರೇ ನೋಡಲ್ಲ!" ಎಂದು ನಕ್ಕರು. ವಿವರಿಸಿದೆ. ನಗು ನಿಂತಿತು. "ಅಯ್ಯೋ, ಈಗಲೇ ತೆಗೀತೀನಿ. ಆದ್ರೆ ವಾಟ್ಸ್ಯಾಪಲ್ಲೂ ಕಳಿಸಿಬಿಟ್ಟಿದೀನಲ್ಲ... ಶಿಕಾಗೋ ಕಡೆಯೋರಿಗೆಲ್ಲ."

ನಾನು ಅಮ್ಮನಿಗೆ ಫೋನ್ ಮಾಡುವ ಮೊದಲೂ ಮೆಸೇಜ್ ಹಾಕಿ ಕೇಳುವವಳು. ಅವತ್ತು ಶಿಕಾಗೋ ಪಕ್ಕದ ಅರೋರಾದ ಗುರುತಿಲ್ಲದ ಆಂಟಿಯರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆ.

"ಎಷ್ಟು ಚೆನ್ನಾಗಿ ಮಾತಾಡಿದಾಳೆ ಪಾಪ! ಮೈಸೂರಿಗೂ ಕಳಿಸ್ದೆ."

"ಆಂಟಿ, ದಯವಿಟ್ಟು ಡಿಲೀಟ್ ಮಾಡಿ. ಅವಳ ತಾಯಿಗೆ ಅಪಾಯ ಆಗಬಹುದು."

"ಹೌದಾ? ಮಾಡ್ತೀನಿ ಪುಟ್ಟಾ. ಅದ್ಸರಿ, ನೀನು ಯಾರ ಮಗಳು? ಮದುವೆ ಆಗಿದ್ಯಾ?"

ಇವರಲ್ಲಿ ಕೆಟ್ಟವರು ಯಾರು? ಯಾರೂ ಇಲ್ಲ. ನಾವು ಗೃಹಪ್ರವೇಶದ ದಿನವೇ ಬಡಾವಣೆಯ ಬೋರ್ಡ್ ಕಾಣುವ ಹಾಗೆ ನಿಂತು ಫೋಟೊ ಹಾಕುವವರು. ಏರ್‌ಪೋರ್ಟಿನಿಂದಲೇ "ಒಂದು ತಿಂಗಳು ಇಂಡಿಯಾ" ಎಂದು ಊರಿಗೆಲ್ಲ ಸಾರಿ, ಮನೆ ಖಾಲಿಯಿದೆ ಎಂದು ತಿಳಿಸುವವರು. ಹೇಳಿಕೊಳ್ಳದವರಿಗೆ ಬಿಗುಮಾನ ಎನ್ನುತ್ತೇವೆ. (ಆ ಬಿರುದು ನನಗೂ ಇದೆ.) ನಮ್ಮ ಮಟ್ಟಿಗೆ ಇದರಿಂದ ಹೆಚ್ಚೆಂದರೆ ಒಂದಿಷ್ಟು ಹೊಟ್ಟೆಕಿಚ್ಚು ಹುಟ್ಟಬಹುದು. ಎಲ್ಲರ ಮಟ್ಟಿಗೂ ಅಷ್ಟೇ ಎಂದುಕೊಂಡರೆ? ಇನ್ನೊಬ್ಬರ ಸಂಕಟಕ್ಕೆ ಮರುಗಿದ್ದನ್ನು ಯಾರಿಗೂ ತೋರಿಸದಿದ್ದರೆ ಅದು ಮರುಕವಲ್ಲವೇ?

ಸಂಜೆಯೊಳಗೆ ಕಸಿನ್ ಕೂಡ ವಿಡಿಯೊ ತೆಗೆದ. ಅಣ್ಣ ಮಾತ್ರ ಫೋನ್ ಎತ್ತಲಿಲ್ಲ.

ಮಂಗಳವಾರ ಮಧ್ಯಾಹ್ನ ಅಣ್ಣನ ವಾಯ್ಸ್ ಮೆಸೇಜ್ ಬಂತು. ಬಾಕೆ ಎರಡು ಸಲ ಕೇಳಿ, ನನಗೆ ಅರ್ಥ ಹೇಳಿದಳು. ಬೆಳಿಗ್ಗೆ ವಡೆ ಕೊಳ್ಳಲು ಬಂದ ಯಾರೋ ಅಮ್ಮನನ್ನು ಕೇಳಿದರಂತೆ, "ನಿನ್ನ ಮಗಳು ಅಮೆರಿಕದಲ್ಲಿದ್ದಾಳಂತೆ?" ಅಷ್ಟೇ. ಸುಮ್ಮನೆ ಕೇಳಿದ್ದೂ ಇರಬಹುದು. ಅಮ್ಮ ವಡೆ ಕಟ್ಟಿಕೊಟ್ಟು, ನಕ್ಕು ಕಳಿಸಿದರಂತೆ. ಆಮೇಲೆ ಉಳಿದ ಹಿಟ್ಟನ್ನು ಕೋಳಿಗಳ ಮುಂದೆ ಸುರಿದು, ಒಲೆಗೆ ನೀರು ಹೊಯ್ದು, ಮಗನ ಬೈಕ್ ಹತ್ತಿದರಂತೆ. ಈಗ ಇಬ್ಬರೂ ದಕ್ಷಿಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾರೆ.

"ಎರಡು ವರ್ಷ ಬೇಡಿಕೊಂಡೆ, ಹೊರಡಲಿಲ್ಲ" ಎಂದಳು ಬಾಕೆ. ಫೋನನ್ನು ಜೇಬಿಗೆ ಹಾಕಿಕೊಂಡು, "ಬಾಣಲೆಯನ್ನೂ ತಗೊಂಡಿಲ್ಲ" ಎಂದಳು. ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ಹೋದಳು.

ಮರುದಿನ ಬೆಳಿಗ್ಗೆ ಡ್ರೈವ್ ಮಾಡುತ್ತಿದ್ದಾಗ ಅಂಕಲ್ ಫೋನ್ ಬಂತು. "ಸದ್ಯ ಕಣಮ್ಮಾ, ಏನೂ ಆಗ್ಲಿಲ್ವಂತಲ್ಲ!"

ಹಿರಿಯರು ಹೀಗೆಂದರೆ "ಹೌದು ಅಂಕಲ್" ಎಂದು ಮುಗಿಸುವುದು ನನ್ನ ಅಭ್ಯಾಸ. ಅವತ್ತು ಹೆದ್ದಾರಿಯಿಂದ ಎಕ್ಸಿಟ್ ತೆಗೆದುಕೊಂಡೆ. ಒಂದು ಗ್ಯಾಸ್ ಸ್ಟೇಷನ್ನಿನ ಪಕ್ಕ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹೇಳಿದೆ:

"ಆಗಿದೆ, ಅಂಕಲ್. ಅವಳ ಅಮ್ಮ ಮನೆ ಬಿಟ್ರು."